ಕರೆಯುವ ಕಲ್ಲುಗಳು

ನಮ್ಮವರ ಹೆಸರು ಫರೈಜ್. ಉಸಿರು ಕಟ್ಟಿ ನೀರಿನಡಿ ಕೂರುವುದರಲ್ಲಿ ಅವರನ್ನು ಮೀರಿಸಿದವರು ಕಡಲದಂಡೆಯ ನಮ್ಮ ಊರು ಅಸಲಾದಲ್ಲಿ ಇಲ್ಲ ಎಂದು ನಮ್ಮ ಕುಲದವರೆಲ್ಲ ಹೇಳುತ್ತಾರೆ. ಹೇಳುವವರಿಗೇನು, ಅವರಲ್ಲಿ ಒಬ್ಬರೂ ದಡದಲ್ಲಿ ಕೂತು ಕಾದವರಲ್ಲ. ಕಾದವಳು ನಾನು, ಅವರ ಹೆಂಡತಿ ಘನ್ಮಾ. ಮದುವೆಯಾದ ಲಾಗಾಯ್ತು ನನ್ನ ಅರ್ಧ ಆಯುಷ್ಯ ದಂಡೆಯ ಮೇಲೆ, ಖರ್ಜೂರದ ಗರಿಯ ಚಪ್ಪರದ ಕೆಳಗೆ, ನೀರಿನ ಮೇಲೆ ಕಣ್ಣು ನೆಟ್ಟುಕೊಂಡೇ ಕಳೆದುಹೋಗಿದೆ. ಕೈಯಲ್ಲಿ ಮಣಿ ಪೋಣಿಸುವ ಕೆಲಸ, ಕೆಂಡದ ಮೇಲೆ ಚಹಾ, ಹೊಟ್ಟೆಯಲ್ಲಿ ಸಂಕಟ. ನೋಡಿದವರು ಮಾತ್ರ, ಇವಳೇನು, ಗಾಳಿಗೆ ಮೈಯೊಡ್ಡಿ ಆರಾಮಾಗಿ ಕೂತಿದ್ದಾಳೆ ಎಂದುಕೊಳ್ಳುತ್ತಾರೆ.

ಇವರು ಮುಳುಗುತ್ತಿದ್ದದ್ದು ತಂದೆಯಿಂದ ಕಲಿತ ಹಳೆಯ ರೀತಿಯಲ್ಲಿ. ಕಣ್ಣಿಗೆ ಗಾಜು, ಕೈಯಲ್ಲಿ ಕಬ್ಬಿಣದ ಕೊಕ್ಕೆ, ಎದೆ ತುಂಬ ಒಂದೇ ಒಂದು ಉಸಿರು, ಅಷ್ಟೇ. ಹವಳದ ದಿಬ್ಬ ಮುಗಿದು ನೀರು ಥಟ್ಟನೆ ಕಡುನೀಲಿಯಾಗುವ ಅಂಚಿನಲ್ಲಿ ಇಳಿದು, ಬಂಡೆಯ ಸಂದಿಯಲ್ಲಿ ಅಡಗಿದ ಆಕ್ಟೋಪಸ್ಸನ್ನು ಎಳೆದುಕೊಂಡು ಬರುತ್ತಿದ್ದರು. ಒಳಗೆ ಹೋದವರಿಗೆ ಹೊತ್ತಿನ ಪರಿವೆ ಇರುವುದಿಲ್ಲ. ಅದಕ್ಕೇ ನಮ್ಮಲ್ಲಿ ಕರೆಯುವ ಕಲ್ಲುಗಳು ಇರುವುದು. ಅಂಗೈಯಲ್ಲಿ ಹಿಡಿಯುವ ಎರಡು ಕರಿಕಲ್ಲು. ದಡದಲ್ಲಿ ಕಾಯುವ ಹೆಂಗಸು ಮೊಣಕಾಲು ನೀರಿಗೆ ಇಳಿದು, ಅವನ್ನು ನೀರಿನೊಳಗೇ ಒಂದಕ್ಕೊಂದು ಬಡಿದರೆ ಆ ಸದ್ದು ತಳದವರೆಗೆ ಹೋಗುತ್ತದೆ. ಕೇಳಿದವನು ಕೈಯಲ್ಲಿದ್ದುದನ್ನು ಬಿಟ್ಟು ಬಾಣದ ಹಾಗೆ ಮೇಲೆ ಬರಬೇಕು. ಯಾಕೆ, ಏನು ಎಂದು ಯೋಚಿಸುವ ಹಾಗಿಲ್ಲ. ಇವರು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅದನ್ನು ಕಲಿತವರು. ಮನೆಯಲ್ಲಿ ನಾನು ಹತ್ತು ಸಲ ಕೂಗಿದರೂ ಓಗೊಡದ ಮನುಷ್ಯ ಕಲ್ಲಿನ ಸದ್ದಿಗೆ ಮಾತ್ರ ಒಂದು ಸಲವೂ ತಪ್ಪಿದವರಲ್ಲ.

ಆ ಕಲ್ಲುಗಳು ನನ್ನ ಅತ್ತೆ ಸಬೀಹಾ ಅವರವು. ಅತ್ತೆ ಎಂದರೆ ಎರಡು ಕಡೆಯಿಂದಲೂ ಅತ್ತೆ, ನನ್ನ ಅಪ್ಪನ ಅಕ್ಕ, ನನ್ನ ಗಂಡನ ತಾಯಿ. ಮಾವ ತೀರಿಕೊಂಡ ದಿನ ಅವರು ದಡದಲ್ಲಿ ಇರಲಿಲ್ಲ. ಕಲಸಿಟ್ಟ ಹಿಟ್ಟಿಗೆ ಮೇಕೆ ಬಾಯಿ ಹಾಕಿತೆಂದು ಅದನ್ನು ಅಟ್ಟಿಸಿಕೊಂಡು ಹೋಗಿದ್ದರು. ತಿರುಗಿ ಬಂದಾಗ ನೀರಿನ ಮೇಲೆ ಗುಳ್ಳೆ ಏಳುತ್ತಿತ್ತು. ಉಸಿರು ಕಟ್ಟಿ ಮುಳುಗಿದವನ ತಲೆಯ ಮೇಲೆ ಗುಳ್ಳೆ ಎದ್ದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಅಂದಿನಿಂದ ಅತ್ತೆ ಮೇಕೆ ಸಾಕಲಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ವಾರವೇ ಕಲ್ಲುಗಳನ್ನು ನನ್ನ ಮಡಿಲಿಗೆ ಹಾಕಿ, ಅನುಮಾನ ಬಂದರೆ ಬಡಿ, ಬರದಿದ್ದರೂ ಬಡಿ ಎಂದಿದ್ದರು.

ಎರಡು ಚಳಿಗಾಲದ ಹಿಂದೆ ಇವರು ಮೇಲೆ ಬಂದಾಗ ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ರಟ್ಟೆ ಹಿಡಿದು ದಡಕ್ಕೆ ಎಳೆದು ಕೆನ್ನೆಗೆ ಎರಡು ಬಾರಿಸಿದೆ, ಆಗ ಉಸಿರಾಡಿದರು. ಅವತ್ತೇ ಅವರ ಮುಂದೆ ರೊಟ್ಟಿ, ಉಪ್ಪು ಇಟ್ಟು, ಇನ್ನು ಉಸಿರು ಕಟ್ಟಿ ಸಮುದ್ರಕ್ಕೆ ಇಳಿಯುವುದಿಲ್ಲ ಎಂದು ಆಣೆ ಮಾಡಿಸಿದೆ. ಆಣೆಯನ್ನೇನೋ ಉಳಿಸಿಕೊಂಡರು. ಆದರೆ ಸಮುದ್ರ ಬಿಟ್ಟ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಸರಿಯಾಗಿರುವ ಬಲೆಯನ್ನು ಬಿಚ್ಚಿ ಮತ್ತೆ ಹೆಣೆಯುವುದು, ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎನ್ನುವುದು, ಮರುದಿನ ಕಡಿಮೆಯಾಯಿತು ಎನ್ನುವುದು, ಒಂಟೆಗೆ ಬುದ್ಧಿ ಹೇಳುವುದು. ಆಮೇಲಾಮೇಲೆ ಮಾತೂ ನಿಂತಿತು. ಸಮುದ್ರಕ್ಕೆ ಬೆನ್ನು ಮಾಡಿ ಗೋಡೆ ನೋಡುತ್ತ ಕೂರುವುದಕ್ಕೆ ಶುರು ಮಾಡಿದರು. ಬೈದಾಡುತ್ತಿದ್ದಾಗ ಪರವಾಗಿರಲಿಲ್ಲ, ಇದನ್ನು ನೋಡುವುದು ನನ್ನಿಂದ ಆಗಲಿಲ್ಲ.

ನಮ್ಮ ಚಪ್ಪರದ ಪಕ್ಕದಲ್ಲೇ ಸ್ಕೂಬಾ ಕಲಿಸುವ ಒಂದು ಸಣ್ಣ ಶಾಲೆ ಇದೆ. ನಡೆಸುವವಳು ಅಲೆಕ್ಸಾಂಡ್ರಿಯಾದ ನಗ್ಲಾ, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುತ್ತಾರೆ. ಹವಳದ ಸಂದಿಗೊಂದಿ ಬಲ್ಲವರೊಬ್ಬರು ತನಗೆ ಬೇಕು, ಫರೈಜ್ ಅಣ್ಣ ಕಲಿತು ಪರೀಕ್ಷೆ ಪಾಸಾದರೆ ಪ್ರವಾಸಿಗಳನ್ನು ಕೆಳಗೆ ಕರೆದೊಯ್ಯುವ ಕೆಲಸ ಅವರದೇ ಎಂದಳು. ಬೆನ್ನಿಗೆ ಸಿಲಿಂಡರ್, ಬಾಯಿಗೆ ಕೊಳವೆ, ಬೇಕಾದಷ್ಟು ಗಾಳಿ. ಇದರಲ್ಲಿ ಹೆದರುವುದಕ್ಕೆ ಏನಿದೆ ಎಂದು ಇವರನ್ನು ಒಪ್ಪಿಸಿದವಳು ನಾನೇ. ಅತ್ತೆ ಮುಖ ತಿರುಗಿಸಿಕೊಂಡರು. ಮೈದುನ ಜುಮೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಅಲೆಯಿಂದ ಅಲೆಗೆ ಹಾರುವವನು, ಪಂದ್ಯಗಳಿಗೆ ಹೋಗುವವನು. ಮೀನಿಗೆ ಈಜು ಕಲಿಸುವುದಕ್ಕೂ ಒಂದು ಶಾಲೆ ಬಂತೇ ಎಂದು ಅಣ್ಣನನ್ನು ಅಣಕಿಸಿದ. ಇವರು ಬಹಳ ದಿನಗಳ ಮೇಲೆ ಹಲ್ಲು ಬಿಟ್ಟು ನಕ್ಕರು, ಅಷ್ಟು ಸಾಕಾಯಿತು ನನಗೆ.

ಮೊದಲ ಪಾಠದ ದಿನವೇ ನನ್ನ ಮಾನ ಹೋಯಿತು. ಇವರು ತಲೆ ಮುಳುಗಿಸಿದ್ದೇ ತಡ, ನೀರಿನ ಮೇಲೆ ಬುಳುಬುಳು ಗುಳ್ಳೆ ಎದ್ದವು. ಉಟ್ಟ ಬಟ್ಟೆಯಲ್ಲೇ ಓಡಿಹೋಗಿ, ಸೊಂಟದ ಮಟ್ಟದ ನೀರಿನಲ್ಲಿ ಸುಖವಾಗಿ ಮಂಡಿಯೂರಿ ಕೂತಿದ್ದ ಗಂಡನನ್ನು ಸಿಲಿಂಡರ್ ಸಮೇತ ಎಳೆದು ಎಬ್ಬಿಸಿದೆ. ಕಲಿಯಲು ಬಂದ ಪರದೇಶದವರೆಲ್ಲ ನೋಡುತ್ತಿದ್ದರು. ಕ್ಯಾಪ್ಟನ್ ಮಾತ್ರ ನಗಲಿಲ್ಲ. "ಅಕ್ಕ, ಇಲ್ಲಿ ಎಲ್ಲಾ ಉಲ್ಟಾ. ಗುಳ್ಳೆ ಬರ್ತಿದ್ರೆ ಉಸಿರಾಡ್ತಿದಾರೆ ಅಂತ. ನಿಂತ್ರೆ ಮಾತ್ರ ಹೆದರ್ಕೊಳ್ಳಿ" ಎಂದಳು. ನಿಮಗೆ ಹೇಳುತ್ತೇನೆ, ಹುಟ್ಟಿದಾಗಿನಿಂದ ಯಾವುದನ್ನು ಕಂಡರೆ ಜೀವ ಹಾರಿಹೋಗುತ್ತಿತ್ತೋ ಅದನ್ನೇ ಕಂಡು ನೆಮ್ಮದಿ ಪಡುವುದನ್ನು ಕಲಿಯಬೇಕಾಯಿತು. ಅವರು ನೀರಿನಲ್ಲಿ ಕಲಿತರು, ನಾನು ದಡದಲ್ಲಿ ಕಲಿತೆ. ಕೆಲವು ದಿನಗಳಲ್ಲಿ ಇವರ ಗುಳ್ಳೆಗಳ ಗುರುತೂ ಹತ್ತಿತು. ಉಳಿದವರದು ಒಂದೇ ಸಮನೆ ಕುದಿಯುತ್ತಿರುತ್ತಿತ್ತು. ಇವರದು ಹಳೆಯ ಜಿಪುಣತನ, ಒಂದು ಗೊಂಚಲು ಬಂದರೆ ಮುಂದಿನದಕ್ಕೆ ಕಾಯಬೇಕು.

ತೊಂದರೆ ಬಂದದ್ದು ಆ ಜಿಪುಣತನದಿಂದಲೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಒಂದು ಮಧ್ಯಾಹ್ನ ಊಟ ಆರಿಹೋಗುತ್ತದೆ ಎಂದು ನಾನು ಅಭ್ಯಾಸಬಲದಿಂದ ನೀರಿಗಿಳಿದು ಕಲ್ಲು ಬಡಿದೆ. ಇವರು ಅಷ್ಟು ಕೆಳಗಿದ್ದವರು ತುಟಿ ಬಿಗಿದು, ಎದೆಯುಬ್ಬಿಸಿ, ಒಂದೇ ಏಟಿಗೆ ಮೇಲಕ್ಕೆ ಚಿಮ್ಮಿದ್ದಾರೆ. ಕ್ಯಾಪ್ಟನ್ ಹಾರಿ ಕಾಲು ಹಿಡಿದು, ಹೊಟ್ಟೆಗೆ ಗುದ್ದಿ ಉಸಿರು ಬಿಡಿಸಿದ್ದಾಳೆ. ದಡಕ್ಕೆ ಬಂದವಳು ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದುಕೊಂಡು ಮತ್ತೆ ಮುಳುಗಿದಳು. ಕೆಳಗೆ ಅದಕ್ಕೆ ಸಿಲಿಂಡರಿನ ಗಾಳಿ ತುಂಬಿ, ಬಾಯಿ ಕಟ್ಟಿ ಬಿಟ್ಟಳು. ಮೇಲೇರುತ್ತ ಏರುತ್ತ ಚೀಲ ಊದಿಕೊಂಡಿತು. ನೀರಿನಿಂದ ಹೊರಬರುವ ಮುಂಚೆಯೇ, ನಾನೂ ಅತ್ತೆಯೂ ನೋಡುತ್ತಿದ್ದ ಹಾಗೆ, ಪಟ್ಟೆಂದು ಒಡೆಯಿತು.

"ಅಣ್ಣ, ಮುಂಚೆ ನೀವು ಮೇಲಿನ ಉಸಿರು ತಗೊಂಡು ಹೋಗ್ತಿದ್ರಿ, ಅದನ್ನೇ ವಾಪಸ್ ತರ್ತಿದ್ರಿ. ಅದು ಬೇರೆ" ಎಂದಳು, ಹರಿದ ಚೀಲವನ್ನು ಇವರ ಕೈಗೆ ಕೊಟ್ಟು. "ಈಗ ಉಸಿರು ತಗೊಳ್ಳೋದು ತಳದಲ್ಲಿ. ಅದನ್ನ ಕಟ್ಕೊಂಡು ಮೇಲೆ ಬಂದ್ರೆ ಇದರ ಗತಿನೇ ನಿಮ್ಮ ಎದೆಗೂ. ಇನ್ನೊಂದು ಸಲ ಹೀಗಾದ್ರೆ ನಾನು ಕಲ್ಸಲ್ಲ."

ನಂತರ ನನ್ನ ಕಡೆ ತಿರುಗಿ, ಆ ಕಲ್ಲು ಇನ್ನು ಮುಟ್ಟಬೇಡಿ ಅಕ್ಕ ಎಂದು ಬೇಡಿಕೊಂಡಳು. ನಾನು ಇವರನ್ನು ಕೇಳಿದೆ, ಕಲ್ಲು ಕೇಳಿಸಿದರೂ ಮೆಲ್ಲಗೆ ಬರುವುದಕ್ಕೆ ಆಗುವುದಿಲ್ಲವೇ ಎಂದು. ಇವರು ತಲೆ ತಗ್ಗಿಸಿದರು. "ನಾನೇನು ಮಾಡ್ಲಿ ಘನ್ಮಾ, ಅದು ಕೇಳಿದ್ರೆ ಕಾಲು ತಾನೇ ಒದೆಯುತ್ತೆ."

ಅತ್ತ ದರಿ, ಇತ್ತ ಪುಲಿ. ಬಿಡಿ ಎಂದರೆ ಮತ್ತೆ ಗೋಡೆ ನೋಡುತ್ತ ಕೂರುತ್ತಾರೆ. ಕಲಿಯಿರಿ ಎಂದರೆ ಈ ಭಯ. ಅದೇ ವಾರ ಹಿಟ್ಟು ನಾದುತ್ತ ಒಂಟೆಗೆ ನೀರು ಕುಡಿಸುವ ಹಾಡು ಗುನುಗುತ್ತಿದ್ದವಳಿಗೆ ಹೊಳೆಯಿತು, ಗುನುಗುವವನಿಗೆ ಉಸಿರು ಕಟ್ಟಲು ಬರುವುದಿಲ್ಲ. ಮೂಗು ಹಿಡಿದು ನೋಡಿದೆ, ಗಂಟಲು ಹಿಡಿದು ನೋಡಿದೆ, ನಿಜ. ಸರಿ, ಮನೆಯಲ್ಲಿ ಕಟ್ಟಳೆ ಮಾಡಿದೆ, ಕೂತವರು ಏಳುವಾಗಲೆಲ್ಲ ಆ ಹಾಡು ಗುನುಗಬೇಕು. ಚಾಪೆಯಿಂದ ಎದ್ದರೆ ಹಾಡು, ಮೆಟ್ಟಿಲು ಹತ್ತಿದರೆ ಹಾಡು. ಯಾರದೋ ಮದುವೆಯಲ್ಲಿ ಅನ್ನದ ತಟ್ಟೆಯ ಮುಂದಿನಿಂದ ಏಳುವಾಗಲೂ ಗುನುಗಿದರು. ಮಾಂಸ ಅಷ್ಟು ರುಚಿಯಾಗಿತ್ತಾ ಎಂದು ಮದುವೆಮನೆಯವರು ಕೇಳಿದರಂತೆ. ನೀರಿನಲ್ಲೂ ಪಟ್ಟು ಸಿಕ್ಕಿತು. ಮೇಲೇರುವಾಗ ಇವರ ಸುತ್ತ ಸಣ್ಣ ಸಣ್ಣ ಗುಳ್ಳೆಯ ಸಾಲು ಬರತೊಡಗಿತು. ಕ್ಯಾಪ್ಟನ್ ಪರೀಕ್ಷೆಗೆ ದಿನ ಗೊತ್ತು ಮಾಡಿದಳು.

ಆ ದಿನವೇ ಕೊಲ್ಲಿಯಲ್ಲಿ ಹಾಯಿ ಹಲಗೆಯ ಪಂದ್ಯ ಬೀಳಬೇಕೇ. ಬೆಳಿಗ್ಗೆ ಎದ್ದರೆ ಬಡಗಣ ಗಾಳಿ ಚಪ್ಪರದ ಗರಿಗಳನ್ನು ಕಿತ್ತು ಹಾಕುವ ಹಾಗೆ ಬೀಸುತ್ತಿತ್ತು. ಜುಮೆ ಕುಣಿದಾಡುತ್ತ ತಾಯಿಯ ಹಣೆಗೆ ಮುತ್ತಿಟ್ಟು, ಇಂತಹ ಗಾಳಿ ಸಂಜೆಯವರೆಗೆ ಬೀಸುತ್ತಲೇ ಇರಲಿ ಎಂದು ದುವಾ ಮಾಡಮ್ಮ ಎಂದು ಓಡಿಹೋದ. ನಾನು ನೀರಿನ ಕಡೆ ನೋಡಿದೆ. ಗಾಳಿಗೆ ನೀರು ಕೆದರಿದರೆ ಗುಳ್ಳೆ ಕಾಣಿಸುವುದಿಲ್ಲ. ನೀರಿನಡಿ ಗಾಳಿ ಏನೂ ಮಾಡುವುದಿಲ್ಲ, ಪರೀಕ್ಷೆ ನಡೆದೇ ನಡೆಯುತ್ತದೆ ಎಂದು ಕ್ಯಾಪ್ಟನ್ ಹೇಳಿದಳು. ಅವಳಿಗೇನು, ಅವಳು ಕೆಳಗೆ ಇರುವವಳು.

ಅತ್ತೆ ಪಂದ್ಯಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಕಪ್ಪು ಹೊದಿಕೆ ಬಿಗಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು. "ಒಬ್ಬ ಮಗ ನೀರ ಮೇಲೆ, ಒಬ್ಬ ಮಗ ನೀರ ಕೆಳಗೆ. ಒಬ್ಬನಿಗೆ ಗಾಳಿ ಬೇಕು, ಒಬ್ಬನಿಗೆ ಬೇಡ. ನಾನು ಏನಂತ ಬೇಡ್ಕೊಳ್ಳಲಿ ಹೇಳು" ಎಂದರು. ಹಬಕ್ ಸೊಪ್ಪು ಹಾಕಿದ ಚಹಾ ಬಗ್ಗಿಸಿಕೊಟ್ಟೆ, ಅವರು ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ. ಕಲ್ಲುಗಳನ್ನು ನಾನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಕೂತಿದ್ದೆ. ಬಡಿಯುವುದಕ್ಕಲ್ಲ. ಬೇರೆ ಯಾರ ಕೈಗೂ ಸಿಗದಿರಲಿ ಎಂದು. ಬೇರೆ ಯಾರು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮೂವರು ಇಳಿದರು. ಮುಂದೆ ಕ್ಯಾಪ್ಟನ್, ಹಿಂದೆ ಇವರು, ಇವರ ಜೋಡಿಯಾಗಿ ಪೋಲೆಂಡಿನ ಅಗಾತಾ ಎಂಬ ಹುಡುಗಿ. ಇಳಿಯುವ ಮುಂಚೆ ಇವರು ನನ್ನತ್ತ ನೋಡಿ ಗಂಟಲಲ್ಲೇ ಹಾಡಿನ ಎರಡು ಸಾಲು ಗುನುಗಿದರು. ಹವಳದ ಅಂಚಿನ ಹತ್ತಿರ ದಿಬ್ಬದ ಮರೆಗೆ ಗಾಳಿ ತಾಗದ ಒಂದಿಷ್ಟು ಜಾಗವಿದೆ, ಅಲ್ಲಿ ನೀರು ನಯವಾಗಿರುತ್ತದೆ. ಕ್ಯಾಪ್ಟನ್ ಬೇಕೆಂದೇ ಅಲ್ಲಿಗೆ ಕರೆದೊಯ್ದಳೇನೋ. ಮೂರು ಕಡೆ ಗುಳ್ಳೆ ಕಂಡವು. ಎರಡು ಕುದಿಯುವಂಥವು, ಒಂದು ಬಿಟ್ಟು ಬಿಟ್ಟು ಬರುವಂಥದು. ನಾನು ಆ ಮೂರನೆಯದಕ್ಕೆ ಕಣ್ಣು ನೆಟ್ಟೆ. ದೂರದಲ್ಲಿ ಪಂದ್ಯದ ಮೈಕು ಏನೋ ಕೂಗುತ್ತಿತ್ತು, ಜನ ಕೇಕೆ ಹಾಕುತ್ತಿದ್ದರು. ಒಂದು ಗೊಂಚಲು ಬಂತು. ಕಾದೆ. ಇನ್ನೊಂದು ಬಂತು. ಮತ್ತೆ ಕಾದೆ.

ಬರಲಿಲ್ಲ.

ಇವರು ನಿಧಾನ, ಬರುತ್ತದೆ ಎಂದುಕೊಂಡೆ. ಉಳಿದ ಎರಡರಲ್ಲಿ ಒಂದು ಇದ್ದಕ್ಕಿದ್ದಂತೆ ಕೊತಕೊತ ಕುದಿಯತೊಡಗಿತು, ಯಾರೋ ಒದ್ದಾಡುತ್ತಿರುವ ಹಾಗೆ. ಇವರ ಜಾಗದಲ್ಲಿ ಮಾತ್ರ ನೀರು ಸುಮ್ಮನಿತ್ತು. ನಾನು ಎದ್ದು ನೀರಿಗಿಳಿದೆ. ಕಲ್ಲುಗಳು ಕೈಯಲ್ಲೇ ಇದ್ದವು. ಹಿಂದೆಯೇ ಅತ್ತೆ ಬಂದರು. ಗುಳ್ಳೆ ನಿಂತರೆ ಹೆದರಬೇಕು ಎಂದು ಅವರಿಗೂ ನಾನೇ ಹೇಳಿಕೊಟ್ಟಿದ್ದೆ.

"ಬಡಿ" ಎಂದರು.

ನಾನು ತಲೆ ಅಲ್ಲಾಡಿಸಿದೆ.

"ಬಡಿಯೇ, ನಿನ್ನ ಕೈ ಸೇದಿಹೋಗ. ನನ್ನ ಮಗ ಅಲ್ಲಿದಾನೆ."

"ಬಡಿದ್ರೆ ಒಂದೇ ಉಸಿರಿಗೆ ಮೇಲೆ ಬಂದುಬಿಡ್ತಾರೆ ಅತ್ತೆ. ಎದೆ ಒಡೆಯುತ್ತೆ. ಚೀಲ ನೋಡ್ಲಿಲ್ವಾ ನೀವು?"

ಅವರು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕಲ್ಲು ಕಿತ್ತುಕೊಳ್ಳಲು ನೋಡಿದರು. ಮುದುಕಿಯ ಕೈಗೆ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಉಗುರು ಚರ್ಮದೊಳಗೆ ಇಳಿಯಿತು. ನಾನು ಎರಡೂ ಕಲ್ಲುಗಳನ್ನು ಎದೆಗೆ ಅವುಚಿಕೊಂಡು ಬಗ್ಗಿ ನಿಂತೆ, ಅವರು ಬೆನ್ನಿಗೆ ಗುದ್ದಿದರು. ಆವತ್ತು ನಾನು ಬಡಿಯಲಿಲ್ಲ, ಇವತ್ತು ನೀನು ಬಡಿಯುವುದಿಲ್ಲವಾ, ನನ್ನನ್ನು ಎರಡು ಸಲ ಕೊಲ್ಲುತ್ತೀಯಾ ಎಂದು ಅಳುತ್ತ ಗುದ್ದಿದರು. ನನಗೆ ಸಿಟ್ಟು ಬರಲಿಲ್ಲ. ಅವರು ಹೇಳುತ್ತಿದ್ದುದೇ ಸರಿಯಿರಬಹುದು ಎಂಬ ಭಯ ಬಂತು. ಇವರು ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರೆ? ಎಚ್ಚರ ತಪ್ಪುತ್ತಿದ್ದರೆ? ಆ ಸದ್ದೊಂದೇ ಇವರನ್ನು ಎಬ್ಬಿಸುವಂಥದಾಗಿದ್ದರೆ? ಬಡಿದರೆ ನಾನು ಕೊಂದ ಹಾಗೆ, ಬಡಿಯದಿದ್ದರೂ ನಾನೇ ಕೊಂದ ಹಾಗೆ. ನನ್ನ ಕೈಗಳು ತಾವಾಗಿ ಒಂದರ ಕಡೆಗೊಂದು ಹೋಗುತ್ತಿದ್ದವು, ಅವನ್ನು ತಡೆಯುವುದೇ ಒಂದು ಕುಸ್ತಿಯಾಯಿತು. ಯಾ ರಬ್ಬಿ, ಯಾ ರಬ್ಬಿ ಎಂದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊಲ್ಲಿಯ ಕಡೆಯಿಂದ ಮತ್ತೆ ಕೇಕೆ ಕೇಳಿತು, ಯಾರೋ ಗೆದ್ದಿರಬೇಕು.

ಆಮೇಲೆ ಸುಮ್ಮನಿದ್ದ ನೀರಿನಲ್ಲಿ ಒಂದು ಗೊಂಚಲು ಎದ್ದಿತು. ಅದರ ಹಿಂದೆ ಸಣ್ಣ ಸಣ್ಣ ಗುಳ್ಳೆಯ ಸಾಲು. ಸಾಲು ಕಡಿಯದೆ ಬರುತ್ತಲೇ ಇತ್ತು. ಅತ್ತೆಯ ಕೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು. ಮೂರು ತಲೆಗಳು ಒಂದರ ಹಿಂದೊಂದು ಮೇಲೆ ಬಂದವು. ಇವರು ಬಾಯಿಂದ ಕೊಳವೆ ತೆಗೆದು ಇನ್ನೂ ಆ ಒಂಟೆಯ ಹಾಡನ್ನೇ ಗುನುಗುತ್ತಿದ್ದರು.

ನಡೆದದ್ದನ್ನು ಕ್ಯಾಪ್ಟನ್ ಹೇಳಿದಳು. ಕೆಳಗೆ ಅಗಾತಾಳ ಬಾಯಿಂದ ಕೊಳವೆ ಜಾರಿಹೋಗಿತ್ತಂತೆ. ಹುಡುಗಿ ಗಾಬರಿಬಿದ್ದು ಇವರ ಬಾಯಿಯದನ್ನೇ ಕಿತ್ತು ಕಚ್ಚಿಕೊಂಡಳಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಜಗಳ, ಇಬ್ಬರೂ ಹೋಗುತ್ತಿದ್ದರು. ಪಕ್ಕದಲ್ಲಿ ತೂಗಾಡುವ ಇನ್ನೊಂದು ಕೊಳವೆ ಇರುತ್ತದೆ, ಇವರು ಅದನ್ನೂ ಹುಡುಕಲಿಲ್ಲವಂತೆ. ತುಟಿ ಮುಚ್ಚಿ, ಹುಡುಗಿಯ ಎರಡೂ ಕೈ ಹಿಡಿದುಕೊಂಡು, ಅವಳ ಕಣ್ಣನ್ನೇ ನೋಡುತ್ತ ಕೂತರಂತೆ, ಅವಳ ಉಸಿರು ಹದಕ್ಕೆ ಬರುವವರೆಗೆ. ಕ್ಯಾಪ್ಟನ್ ಬಂದು ಆ ಇನ್ನೊಂದು ಕೊಳವೆಯನ್ನು ಇವರ ಬಾಯಿಗಿಟ್ಟ ಮೇಲೆ ತಾವೂ ಉಸಿರಾಡಿದರಂತೆ. ಪಾಸು ಎಂದಳು ಕ್ಯಾಪ್ಟನ್. ಅಗಾತಾ ಇವರ ತೋಳು ಬಿಡದೆ ಅಳುತ್ತಿದ್ದಳು.

ನಾನು ಇನ್ನೂ ನೀರಿನಲ್ಲೇ ನಿಂತಿದ್ದೆ. ಇವರು ನನ್ನ ಹತ್ತಿರ ಬಂದರು. ಮುಖದ ತುಂಬ ನಗು, ಹಳೆಯ ಫರೈಜ್.

"ಅಷ್ಟು ಹೊತ್ತಾಯ್ತಲ್ಲ, ಒಂದು ಘಳಿಗೆ ನಂಗೂ ಹೆದರಿಕೆ ಆಯ್ತು ಘನ್ಮಾ" ಎಂದರು. "ನೀನು ಈಗ ಬಡೀತೀಯ, ಈಗ ಬಡೀತೀಯ ಅಂತ ಕಿವಿಕೊಟ್ಟು ಕೂತಿದ್ದೆ. ಕಾಲು ಒದೆಯೋದಕ್ಕೆ ತಯಾರಾಗೇ ಇತ್ತು. ಬಡೀಲಿಲ್ಲ. ಓ, ಅವಳು ಮೇಲೆ ಆರಾಮಾಗಿ ಚಹಾ ಕುಡೀತಿದಾಳೆ, ಹೆದರೋ ಅಂಥದ್ದು ಏನೂ ಇಲ್ಲ ಅಂದ್ಕೊಂಡೆ. ಆಮೇಲೆ ಸಮಾಧಾನ ಆಯ್ತು."

ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅತ್ತೆ ಮಗನ ಮುಖವನ್ನು ನೋಡಿದರು, ನನ್ನ ಮಣಿಕಟ್ಟಿನ ಮೇಲೆ ತಮ್ಮ ಉಗುರಿನ ಗುರುತು ನೋಡಿದರು. ಕೊಡು ಎಂದರು, ಮೆಲ್ಲಗೆ. ಕೊಡೋಣವೆಂದರೆ ನನ್ನ ಬೆರಳುಗಳು ಮರಗಟ್ಟಿ ಬಿಚ್ಚಲೇ ಇಲ್ಲ. ಅವರು ನೀರಿನಲ್ಲಿ ನಿಂತೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎರಡೂ ಕಲ್ಲುಗಳನ್ನು ತೆಗೆದುಕೊಂಡು, ಕಡುನೀಲಿ ಶುರುವಾಗುವ ಕಡೆಗೆ ಒಂದಾದ ಮೇಲೊಂದು ಎಸೆದರು.